ಬೆಂಗಳೂರಿನ ಹೊಸ ಕಾಲೇಜೋ, ಹೊರಜಿಲ್ಲೆಯ ಹಳೆಯ ಕಾಲೇಜೋ?

ಓದುಗರ ಪ್ರಶ್ನೆ: ಮಗಳಿಗೆ ಸಿಇಟಿಯಲ್ಲಿ ಬಂದಿರುವ ರ್‍ಯಾಂಕಿಗೆ ಬೆಂಗಳೂರಿನ ಹೊರವಲಯದ ಹೊಸ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಸೀಟು ಸಿಗಬಹುದು. ಅದೇ ಬ್ರಾಂಚ್ ಮೈಸೂರು, ಹಾಸನ ಅಥವಾ ಹುಬ್ಬಳ್ಳಿಯ ಹಳೆಯ ಕಾಲೇಜಿನಲ್ಲೂ ಸಿಗುವ ಹಾಗಿದೆ. ಬೆಂಗಳೂರು ಬಿಟ್ಟರೆ ಒಳ್ಳೆಯ ವಾತಾವರಣವೂ ಇಲ್ಲ, ಒಳ್ಳೆಯ ಕೆಲಸವೂ ಇಲ್ಲ ಎಂದು ನೆಂಟರೆಲ್ಲ ಹೇಳುತ್ತಿದ್ದಾರೆ. ಇದು ನಿಜವೇ?

ಉತ್ತರ: ನಿಜವಲ್ಲ. ನೀವು ಹೇಳಿದ ಎರಡರಲ್ಲಿ ಒಂದನ್ನು ಆರಿಸಬೇಕಾದರೆ ನನ್ನ ಒಲವು ಹಳೆಯ ಕಾಲೇಜಿನ ಕಡೆಗೇ ಇದೆ. ಆದರೆ ಅದು ಹಳೆಯದು ಎಂಬ ಒಂದೇ ಕಾರಣಕ್ಕೆ ಅಲ್ಲ, ಹೋಗಿ ನೋಡದೆಯೂ ಅಲ್ಲ.

ಬೆಂಗಳೂರಿನ ಆಚೆಗೆ ಎಂಜಿನಿಯರಿಂಗ್ ಶಿಕ್ಷಣ ತಡವಾಗಿ ಹೋಯಿತು ಎಂಬ ಭಾವನೆಯೇ ಮೊದಲಿಗೆ ತಪ್ಪು. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ 1917ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಯುವಿಸಿಇಯನ್ನು ಬಿಟ್ಟರೆ, ಬೆಂಗಳೂರಿನ ಬಿಎಂಎಸ್ ಮತ್ತು ಮೈಸೂರಿನ ಎನ್‌ಐಇ ಎರಡೂ ಹುಟ್ಟಿದ್ದು 1946ರಲ್ಲಿ. ಹುಬ್ಬಳ್ಳಿಯ ಬಿವಿಬಿ (ಈಗಿನ ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯ) ಮರುವರ್ಷವೇ ಬಂತು, ಕಲಬುರಗಿಯ ಪಿಡಿಎ 1958ರಲ್ಲಿ, ಹಾಸನದ ಮಲೆನಾಡು ಕಾಲೇಜು 1960ರಲ್ಲಿ. ಇನ್ಫೋಸಿಸ್‌ನ ನಾರಾಯಣ ಮೂರ್ತಿಯವರು ಓದಿದ್ದು ಎನ್‌ಐಇಯಲ್ಲಿ, ಸುಧಾ ಮೂರ್ತಿಯವರು ಬಿವಿಬಿಯಲ್ಲಿ. ಈ ಹೆಸರುಗಳು ಇಂದಿಗೂ ಆ ಕಾಲೇಜುಗಳ ಕೀರ್ತಿಯನ್ನು ಹೊತ್ತು ನಿಂತಿವೆ. ಆದರೆ ಅವರಿಗೆ ಪಾಠ ಹೇಳಿದವರು ನಿವೃತ್ತರಾಗಿ ದಶಕಗಳೇ ಕಳೆದಿವೆ ಎಂಬುದನ್ನೂ ಪೋಷಕರು ಮರೆಯಬಾರದು. ಹಳೆಯ ಕಾಲೇಜಿನ ನಿಜವಾದ ಬಲವೆಂದರೆ ಕಂಪನಿಗಳಲ್ಲಿ ಹರಡಿಕೊಂಡಿರುವ ಅದರ ಹಳೆಯ ವಿದ್ಯಾರ್ಥಿಗಳು. ಸಂದರ್ಶನಕ್ಕೆ ಯಾವ ಕ್ಯಾಂಪಸ್‌ಗೆ ಹೋಗಬೇಕು ಎಂಬ ಮಾತು ಬಂದಾಗ ತಮ್ಮ ಕಾಲೇಜಿನ ಹೆಸರನ್ನು ಮುಂದಿಡುವವರು ಅವರೇ.

ಇನ್ನು ವಾತಾವರಣದ ವಿಷಯ. ಒಂದು ಕ್ಯಾಂಪಸ್‌ನ ಸ್ವಭಾವವನ್ನು ಬಹುಮಟ್ಟಿಗೆ ನಿರ್ಧರಿಸುವುದು ತರಗತಿಯಲ್ಲಿ ಯಾರು ಕೂತಿದ್ದಾರೆ ಎಂಬುದು, ಅದನ್ನು ನಿರ್ಧರಿಸುವುದು ಸೀಟು ಹಂಚಿಕೆ. ಖಾಸಗಿ ಕಾಲೇಜುಗಳಲ್ಲಿ ಒಂದಷ್ಟು ಸೀಟು ಸಿಇಟಿಗೆ, ಒಂದಷ್ಟು ಖಾಸಗಿ ಕಾಲೇಜುಗಳ ಒಕ್ಕೂಟದ ಪ್ರವೇಶ ಪರೀಕ್ಷೆಯಾದ ಕಾಮೆಡ್‌-ಕೆಗೆ, ಉಳಿದವು ಮ್ಯಾನೇಜ್‌ಮೆಂಟ್‌ಗೆ ಹೋಗುತ್ತವೆ. ಬೆಂಗಳೂರಿನಲ್ಲಿ ಕೊನೆಯ ಎರಡು ಬಗೆಯ ಸೀಟುಗಳಿಗೆ ಹೊರರಾಜ್ಯದವರ ಬೇಡಿಕೆ ಹೆಚ್ಚಾಗಿರುವುದರಿಂದ ಅಲ್ಲಿನ ಹಾಸ್ಟೆಲ್‌ಗಳಲ್ಲಿ ಹಿಂದಿ, ಇಂಗ್ಲಿಷ್ ಹೆಚ್ಚು ಕೇಳಿಬರುತ್ತವೆ. ಬೇರೆ ಬೇರೆ ಊರಿನವರೊಡನೆ ಬೆರೆಯುವ ಅವಕಾಶ ದೊಡ್ಡದೇ, ಅದನ್ನು ಕಡೆಗಣಿಸಲಾಗದು. ಹುಬ್ಬಳ್ಳಿ, ಬಾಗಲಕೋಟೆಗಳ ತರಗತಿಗಳಲ್ಲಿ ಸುತ್ತಲಿನ ತಾಲ್ಲೂಕುಗಳ ಮಕ್ಕಳೇ ಹೆಚ್ಚು. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಂತೂ ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ ಸರ್ಕಾರದ ಪಾಲಿನ ಸೀಟುಗಳಲ್ಲಿ ಶೇಕಡ 70ರಷ್ಟು ಆ ಭಾಗದವರಿಗೇ ಮೀಸಲು. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿಯೊಬ್ಬಳು ಮೊದಲ ಸೆಮಿಸ್ಟರ್‌ನಲ್ಲಿ ತನಗೆ ತಿಳಿಯದ್ದನ್ನು ಸಂಕೋಚವಿಲ್ಲದೆ ಪಕ್ಕದವಳನ್ನು ಕೇಳುವುದು ಇಂಥ ತರಗತಿಯಲ್ಲಿ ಸುಲಭ. ಮೊದಲ ವರ್ಷದ ಗಣಿತದಲ್ಲಿ ಪಾಸಾಗದೆ ಬ್ಯಾಕ್ ಉಳಿಸಿಕೊಳ್ಳುವವರಲ್ಲಿ ಅನೇಕರಿಗೆ ಬುದ್ಧಿಯ ಕೊರತೆ ಇರುವುದಿಲ್ಲ, ಕೇಳುವ ಧೈರ್ಯ ಇರುವುದಿಲ್ಲ. ಆದ್ದರಿಂದ ನಿಮ್ಮ ಮಗಳು ಎಲ್ಲಿ ಬಾಯಿಬಿಟ್ಟು ಮಾತನಾಡುತ್ತಾಳೆ ಎಂಬುದನ್ನು ನೆಂಟರಿಗಿಂತ ನೀವೇ ಚೆನ್ನಾಗಿ ಬಲ್ಲಿರಿ.

ಕಾಲೇಜನ್ನು ನೋಡಲು ಹೋಗುವವರು ಸಾಮಾನ್ಯವಾಗಿ ಬೆಳಿಗ್ಗೆ ಹೋಗಿ, ಸ್ವಾಗತ ಕೊಠಡಿಯಲ್ಲಿ ಕೂತು, ಬಣ್ಣದ ಕೈಪಿಡಿ ತೆಗೆದುಕೊಂಡು ಹಿಂದಿರುಗುತ್ತಾರೆ. ತರಗತಿಗಳು ನಡೆಯುವ ದಿನ ಸಂಜೆ ನಾಲ್ಕೂವರೆಗೆ ಹೋಗಿ ನೋಡಿ. ಕಾಲೇಜಿನ ಬಸ್ಸುಗಳು ಹೊರಟ ಮೇಲೆ ಯಾವ ಲ್ಯಾಬಿನಲ್ಲಿ ದೀಪ ಉರಿಯುತ್ತಿದೆ, ವರ್ಕ್‌ಶಾಪಿನಲ್ಲಿ ವಿದ್ಯಾರ್ಥಿಗಳು ತಾವಾಗಿಯೇ ಏನನ್ನಾದರೂ ಬಿಚ್ಚಿ ಜೋಡಿಸುತ್ತಿದ್ದಾರೆಯೇ, ಗ್ರಂಥಾಲಯ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ ಎಂಬುದನ್ನು ಗಮನಿಸಿ. ನೋಟಿಸ್ ಬೋರ್ಡಿನ ಮುಂದೆ ಎರಡು ನಿಮಿಷ ನಿಲ್ಲಿ. ಅಲ್ಲಿ ಇರುವುದೆಲ್ಲ ಶುಲ್ಕ, ದಂಡ, ಹಾಜರಾತಿ ಕೊರತೆಯ ಪಟ್ಟಿಗಳೇ ಆಗಿದ್ದು, ವಿದ್ಯಾರ್ಥಿ ಸಂಘಗಳ ಒಂದು ಚೀಟಿಯೂ ಇಲ್ಲದಿದ್ದರೆ, ಅಥವಾ ಇರುವ ಚೀಟಿ ಹೋದ ವರ್ಷದ್ದಾಗಿದ್ದರೆ, ಆ ಕಾಲೇಜಿನ ಸಂಜೆಗಳು ಹೇಗಿರುತ್ತವೆ ಎಂದು ಊಹಿಸಬಹುದು. ಈ ಪರೀಕ್ಷೆಯಲ್ಲಿ ಸೋಲುವ ಹಳೆಯ ಕಾಲೇಜುಗಳೂ ಇವೆ, ಗೆಲ್ಲುವ ಹೊಸವೂ ಇವೆ.

ಕಾಲೇಜಿಗೆ ಸ್ವಾಯತ್ತತೆ ಇದೆಯೇ ಎಂಬುದನ್ನೂ ಕೇಳಿ. ಸ್ವಾಯತ್ತವಲ್ಲದ ಕಾಲೇಜುಗಳು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಪಠ್ಯಕ್ರಮವನ್ನೂ ಸೆಮಿಸ್ಟರ್ ಪರೀಕ್ಷೆಯನ್ನೂ ಅನುಸರಿಸುತ್ತವೆ. ಸ್ವಾಯತ್ತ ಕಾಲೇಜುಗಳು ತಮ್ಮ ಪಠ್ಯವನ್ನು ತಾವೇ ರೂಪಿಸಿ, ತಾವೇ ಪರೀಕ್ಷೆ ನಡೆಸುತ್ತವೆ. ಒಳ್ಳೆಯ ಅಧ್ಯಾಪಕರಿರುವಲ್ಲಿ ಇದು ವರದಾನ. ಅಧ್ಯಾಪಕರು ಮೇಲಿಂದ ಮೇಲೆ ಕೆಲಸ ಬಿಟ್ಟು ಹೋಗುವಲ್ಲಿ ಇದರಿಂದ ಅಂಕಗಳು ಉದಾರವಾಗಬಹುದೇ ಹೊರತು ಕಲಿಕೆ ಹೆಚ್ಚುವುದಿಲ್ಲ.

ಕೆಲಸದ ಮಾತಿಗೆ ಬಂದರೆ, ಬೆಂಗಳೂರಿಗೆ ಇರುವ ಅನುಕೂಲವನ್ನು ಅಲ್ಲಗಳೆಯಲಾಗದು. ಕಂಪನಿಗಳು ಹತ್ತಿರದಲ್ಲಿವೆ, ರಜೆಯಲ್ಲಿ ಇಂಟರ್ನ್‌ಷಿಪ್ ಮಾಡುವವರಿಗೆ ಬೇರೆ ಊರಿನಲ್ಲಿ ರೂಮು ಹುಡುಕುವ ತಾಪತ್ರಯವಿಲ್ಲ. ಆದರೆ ಹೊಸ ಕಾಲೇಜಿನ ಫಲಕದ ಮೇಲೆ ದೊಡ್ಡದಾಗಿ ಬರೆದಿರುವ ಅತಿ ಹೆಚ್ಚಿನ ಪ್ಯಾಕೇಜ್ ಒಬ್ಬ ವಿದ್ಯಾರ್ಥಿಯದ್ದು. ಉಳಿದವರ ಪಾಡು ತಿಳಿಯಬೇಕಾದರೆ, ಕಾಲೇಜು ಕೇಂದ್ರ ಸರ್ಕಾರದ ಶಿಕ್ಷಣ ಸಂಸ್ಥೆಗಳ ರ್‍ಯಾಂಕಿಂಗ್ ವ್ಯವಸ್ಥೆಯಾದ ಎನ್‌ಐಆರ್‌ಎಫ್‌ಗೆ ಸಲ್ಲಿಸಿದ ಮಾಹಿತಿಯನ್ನು ಅದರ ಜಾಲತಾಣದಲ್ಲಿ ಹುಡುಕಿ ಓದಿ. ಎಷ್ಟು ಮಂದಿ ಪದವಿ ಮುಗಿಸಿದರು, ಅವರಲ್ಲಿ ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಅವರ ಮಧ್ಯಮ (ಮೀಡಿಯನ್) ಸಂಬಳ ಎಷ್ಟು ಎಂಬುದು ಅದರಲ್ಲಿ ವರ್ಷವಾರು ಇರುತ್ತದೆ. ಒಂದೇ ವರ್ಷದ ಅಂಕಿಗಳನ್ನು ನೋಡಿ ತೀರ್ಮಾನಿಸದೆ ಹಿಂದಿನ ಎರಡು ವರ್ಷಗಳದ್ದನ್ನೂ ಪಕ್ಕದಲ್ಲಿಟ್ಟುಕೊಳ್ಳಿ.

ಇದನ್ನೆಲ್ಲ ಮಾಡಲು ಸರಿಯಾದ ಸಮಯ ಸಿಇಟಿ ಸೀಟುಗಳನ್ನು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಅಣಕು ಸೀಟು ಹಂಚಿಕೆ ಮುಗಿದು, ಆದ್ಯತೆಯ ಕ್ರಮದಲ್ಲಿ ಕೊಟ್ಟ ಆಪ್ಷನ್‌ಗಳನ್ನು ಬದಲಿಸಲು ಅವಕಾಶವಿರುವ ಕೆಲವು ದಿನಗಳು. ಆ ಹೊತ್ತಿಗೆ ಯಾವ ಕಾಲೇಜುಗಳು ಮಗಳ ಕೈಗೆಟುಕುತ್ತವೆ ಎಂಬ ಅಂದಾಜು ಸಿಕ್ಕಿರುತ್ತದೆ. ಪಟ್ಟಿಯಲ್ಲಿ ಮೇಲಿರುವ ಆಪ್ಷನ್ ಸಿಕ್ಕಿದರೆ ಅದರ ಕೆಳಗಿನವು ಪರಿಗಣನೆಗೇ ಬರುವುದಿಲ್ಲವಾದ್ದರಿಂದ, ಮಗಳನ್ನೂ ಕರೆದುಕೊಂಡು ಎರಡೂ ಕಾಲೇಜುಗಳನ್ನು ನೋಡಿ ಬನ್ನಿ, ಯಾವುದನ್ನು ಮೇಲಿಡಬೇಕು ಎಂಬುದನ್ನು ಅವಳಿಂದಲೇ ಬರೆಸಿ.