ಬಸುರಿ ಇದ್ದಾಗ ಮನೆಯ ಬೆಕ್ಕನ್ನು ಬಿಟ್ಟು ಬರಬೇಕಾ?

ಪ್ರಶ್ನೆ: ನನಗೀಗ ನಾಲ್ಕು ತಿಂಗಳು. ಉಡುಪಿಯಲ್ಲಿದ್ದೇವೆ. ಮನೆಯಲ್ಲಿ ಸಾಕಿದ ಬೆಕ್ಕಿದೆ, ಅದು ಕಕ್ಕ ಮಾಡುವ ಟ್ರೇ, ಅಂದರೆ ಲಿಟರ್ ಬಾಕ್ಸ್, ಇಷ್ಟು ದಿನ ನಾನೇ ಕ್ಲೀನ್ ಮಾಡುತ್ತಿದ್ದೆ. ಬೆಕ್ಕಿದ್ದರೆ ಗರ್ಭಕ್ಕೆ ಒಳ್ಳೆಯದಲ್ಲ, ಅದರ ಕೂದಲು ಹೊಟ್ಟೆಗೆ ಹೋದರೆ ಮಗುವಿಗೆ ದಮ್ಮು ಬರುತ್ತದೆ ಅಂತಾರೆ ಅತ್ತೆ. ಮೀನು ಮಾರ್ಕೆಟ್ ಹತ್ತಿರ ಬಿಟ್ಟರೆ ಹೇಗೂ ಬದುಕಿಕೊಳ್ಳುತ್ತದೆ ಅನ್ನುವುದು ಮನೆಯವರ ಮಾತು. ಬಿಡಲೇಬೇಕಾ?

ಬೇಡ. ಬೆಕ್ಕು ಮನೆಯಲ್ಲೇ ಇರಲಿ, ಲಿಟರ್ ಬಾಕ್ಸ್ ಮಾತ್ರ ಇವತ್ತಿನಿಂದಲೇ ಬೇರೆಯವರ ಕೈಗೆ ಹೋಗಲಿ. ಮಾರ್ಕೆಟಿಗೆ ಬಿಟ್ಟು ಬರೋಣ ಅನ್ನುವವರೇ ಅದನ್ನು ತೆಗೆಯಬಹುದು, ಐದು ನಿಮಿಷದ ಕೆಲಸ.

ಅತ್ತೆಯ ಹೆದರಿಕೆಯಲ್ಲಿ ಹುರುಳಿಲ್ಲ ಅಂತ ತಳ್ಳಿಹಾಕಬೇಡಿ. ಟಾಕ್ಸೋಪ್ಲಾಸ್ಮಾ ಅನ್ನುವ ಬರಿಗಣ್ಣಿಗೆ ಕಾಣದ ಪರೋಪಜೀವಿ ಒಂದಿದೆ. 1908ರಲ್ಲೇ ಇದು ಪತ್ತೆಯಾಗಿತ್ತು, ಬೆಕ್ಕಿನ ಕಕ್ಕದ ಮೂಲಕ ಹರಡುತ್ತದೆ ಅನ್ನುವುದು ಗೊತ್ತಾಗಿದ್ದು ಮಾತ್ರ 1970ರ ಹೊತ್ತಿಗೆ. ನಮ್ಮಂಥ ಗಟ್ಟಿಮುಟ್ಟಾದವರಿಗೆ ಬಂದರೆ ಬಂದದ್ದೇ ಗೊತ್ತಾಗುವುದಿಲ್ಲ, ಹೆಚ್ಚೆಂದರೆ ಸಣ್ಣ ಜ್ವರ, ಕುತ್ತಿಗೆಯಲ್ಲಿ ಗಂಟು. ಆದರೆ ಜೀವನದಲ್ಲಿ ಮೊದಲ ಸಲ ಈ ಸೋಂಕು ಬರುವುದು ಬಸುರಿ ಇದ್ದಾಗಲೇ ಆದರೆ, ಅದು ಮಾಸಿನ ಮೂಲಕ ಮಗುವಿಗೆ ದಾಟಬಹುದು. ಗರ್ಭ ಇಳಿದುಹೋಗಬಹುದು, ಮಗುವಿನ ಮೆದುಳಿಗೆ, ಕಣ್ಣಿಗೆ ಪೆಟ್ಟು ಬೀಳಬಹುದು. ಹುಟ್ಟುವಾಗ ಚೆನ್ನಾಗಿಯೇ ಕಂಡ ಮಗುವಿಗೆ ವರ್ಷಗಳ ಮೇಲೆ ಕಣ್ಣಿನ ತೊಂದರೆ ಬರುವುದೂ ಉಂಟು. ಮೊದಲ ತಿಂಗಳುಗಳಲ್ಲಿ ಮಗುವಿಗೆ ದಾಟುವ ಸಾಧ್ಯತೆ ಕಡಿಮೆ, ದಾಟಿದರೆ ಹಾನಿ ಜಾಸ್ತಿ. ಕೊನೆಯ ತಿಂಗಳುಗಳಲ್ಲಿ ಇದು ತಿರುಗುಮುರುಗು.

ಇನ್ನು ನಿಮ್ಮ ಬೆಕ್ಕಿನ ವಿಷಯ. ಬೆಕ್ಕಿಗೆ ಈ ಸೋಂಕು ಬರುವುದು ಇಲಿ, ಹಕ್ಕಿ ಹಿಡಿದು ತಿಂದಾಗ, ಹಸಿ ಮಾಂಸ ತಿಂದಾಗ. ಮೊದಲ ಸಲ ಸೋಂಕಾದ ಮೇಲೆ ಒಂದರಿಂದ ಮೂರು ವಾರ ಅದರ ಕಕ್ಕದಲ್ಲಿ ಈ ಜೀವಿಯ ಮೊಟ್ಟೆಯಂಥ ಕಣಗಳು ಹೊರಬೀಳುತ್ತವೆ. ಆಮೇಲೆ ಸಾಮಾನ್ಯವಾಗಿ ನಿಂತುಹೋಗುತ್ತದೆ. ಅಂದರೆ ಮನೆಯೊಳಗೇ ಇದ್ದು ಬೇಯಿಸಿದ್ದನ್ನೋ ಅಂಗಡಿಯ ಕ್ಯಾಟ್ ಫುಡ್ಡನ್ನೋ ತಿನ್ನುವ ದೊಡ್ಡ ಬೆಕ್ಕಿನಿಂದ ಅಪಾಯ ತೀರಾ ಕಡಿಮೆ. ಹೊರಗೆ ಬೇಟೆ ಕಲಿಯುತ್ತಿರುವ ಮರಿಯಿಂದ ಜಾಸ್ತಿ. ಹಾಗಾಗಿ ಈ ಒಂಬತ್ತು ತಿಂಗಳಲ್ಲಿ ಹೊಸ ಮರಿ ತರಬೇಡಿ, ದಾರಿಯಲ್ಲಿ ಸಿಕ್ಕ ಮರಿಯನ್ನು ಪಾಪ ಅಂತ ಎತ್ತಿಕೊಳ್ಳಬೇಡಿ. ಕೋಳಿ ಅಂಗಡಿಯಿಂದ ತಂದ ಹಸಿ ಚೂರುಗಳನ್ನು ಬೆಕ್ಕಿಗೆ ಹಾಕುವ ಅಭ್ಯಾಸ ಇದ್ದರೆ ನಿಲ್ಲಿಸಿ, ಬೇಯಿಸಿ ಹಾಕಿ. ಬೆಕ್ಕಿಗೆ ರಕ್ತ ಪರೀಕ್ಷೆ ಮಾಡಿಸೋಣ ಅಂತ ಓಡಬೇಡಿ, ಅದರಿಂದ ಉಪಯೋಗವಿಲ್ಲ.

ಲಿಟರ್ ಬಾಕ್ಸಿನಲ್ಲಿ ಗಮನಿಸಬೇಕಾದದ್ದು ಸಮಯ. ಆಗಷ್ಟೇ ಬಿದ್ದ ಕಕ್ಕದಲ್ಲಿ ಕಣಗಳಿದ್ದರೂ ಅವು ತಕ್ಷಣ ಸೋಂಕು ತರುವುದಿಲ್ಲ, ಅದಕ್ಕೆ ಒಂದರಿಂದ ಐದು ದಿನ ಬೇಕು. ದಿನಾ ತಪ್ಪದೆ ತೆಗೆದರೆ ಅವು ಹದಕ್ಕೆ ಬರುವ ಮೊದಲೇ ಮನೆಯಿಂದ ಹೊರಗೆ ಹೋಗುತ್ತವೆ. ವಾರಕ್ಕೊಮ್ಮೆ ತೆಗೆಯುವ ಮನೆಯಲ್ಲೇ ತೊಂದರೆ. ತೆಗೆಯುವವರು ಯಾರೂ ಇಲ್ಲ, ನೀವೇ ತೆಗೆಯಬೇಕು ಅನ್ನುವ ದಿನ ಗ್ಲೌಸ್ ಹಾಕಿ, ಧೂಳು ಏಳದ ಹಾಗೆ ಮೆಲ್ಲಗೆ ತೆಗೆದು, ಸೋಪು ಹಚ್ಚಿ ಕೈ ತೊಳೆಯಿರಿ. ಟ್ರೇಗೆ ಫಿನಾಯಿಲ್ ಸುರಿದರೆ ಈ ಕಣಗಳು ಸಾಯುವುದಿಲ್ಲ. ಕುದಿಯುವ ನೀರು ಹೊಯ್ದು ಬಿಡಬೇಕು. ಬೆಕ್ಕನ್ನು ಮುಟ್ಟಿದರೆ, ಮಡಿಲಲ್ಲಿ ಕೂರಿಸಿಕೊಂಡರೆ ಸಾಮಾನ್ಯವಾಗಿ ಇದು ಬರುವುದಿಲ್ಲ. ಕೈ ತೊಳೆದುಕೊಂಡು ಊಟ ಮಾಡಿದರೆ ಸಾಕು.

ಈಗ ನಿಮ್ಮ ಮನೆಯವರಿಗೂ ಓದಿ ಹೇಳಬೇಕಾದ ಮಾತು. ನಮ್ಮ ಕರಾವಳಿಯಲ್ಲಿ ಲಿಟರ್ ಬಾಕ್ಸ್ ಇರುವ ಮನೆ ಎಷ್ಟಿದೆ? ಬೇಲಿ ದಾಟಿ ಬರುವ ಬೆಕ್ಕುಗಳಿಗೆ ನಿಮ್ಮ ಹಿತ್ತಲೇ ಲಿಟರ್ ಬಾಕ್ಸ್. ಬಸಳೆ ಚಪ್ಪರದ ಬುಡ, ಹರಿವೆ ಪಾತಿ, ಮಲ್ಲಿಗೆ ಕುಂಡ, ಮನೆ ಕಟ್ಟುವುದಕ್ಕೆ ತಂದು ಹಾಕಿದ ಹೊಯ್ಗೆ ರಾಶಿ, ಎಲ್ಲಿ ಮಣ್ಣು ಸಡಿಲವಾಗಿದೆಯೋ ಅಲ್ಲಿ ಕೆರೆದು, ಕೂತು, ಮುಚ್ಚಿ ಹೋಗುತ್ತವೆ. ತೇವ ಇರುವ ಮಣ್ಣಿನಲ್ಲಿ ಈ ಕಣಗಳು ಒಂದು ವರ್ಷಕ್ಕೂ ಜಾಸ್ತಿ ಬದುಕಿರಬಲ್ಲವು, ನಮ್ಮ ಮಳೆಗಾಲ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ ಅಲ್ವಾ. ಸಾಕಿದ ಬೆಕ್ಕನ್ನು ಮಾರ್ಕೆಟಿಗೆ ಬಿಟ್ಟು ಬಂದು, ಮಾರನೇ ದಿನ ಬರಿಗೈಯಲ್ಲಿ ಮಲ್ಲಿಗೆ ಬುಡದ ಮಣ್ಣು ಸಡಿಲಿಸಲು ಕೂತರೆ ಏನು ಸಿಕ್ಕಿದ ಹಾಗಾಯಿತು? ಬೆಕ್ಕಿಗೆ ನೆಲೆ ಹೋಯಿತು, ಅಪಾಯ ಹಿತ್ತಲಲ್ಲೇ ಉಳಿಯಿತು. ಅಭ್ಯಾಸವಿಲ್ಲದ ಸಾಕುಬೆಕ್ಕು ಮಾರ್ಕೆಟಿನ ನಾಯಿಗಳ ನಡುವೆ ಹೆಚ್ಚು ದಿನ ಬದುಕುವುದೂ ಕಷ್ಟ.

2000ದಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಯುರೋಪಿನ ಆರು ನಗರಗಳ ಗರ್ಭಿಣಿಯರ ಅಧ್ಯಯನವೊಂದು ಬಂತು. ಊರಿಂದೂರಿಗೆ ವ್ಯತ್ಯಾಸವಿದ್ದರೂ, ಸೋಂಕಿನಲ್ಲಿ ಶೇಕಡಾ 30ರಿಂದ 63ರಷ್ಟಕ್ಕೆ ಕಾರಣ ಅರೆಬೆಂದ ಮಾಂಸ, 6ರಿಂದ 17ರಷ್ಟಕ್ಕೆ ಮಣ್ಣಿನ ಸಂಪರ್ಕ. ಬೆಕ್ಕಿನ ಒಡನಾಟ ಕಾರಣವಾಗಿ ಕಾಣಿಸಲಿಲ್ಲ. ಅಲ್ಲಿಯ ಊಟ ಬೇರೆ, ನಮ್ಮದು ಬೇರೆ, ನಿಜ. ನಮ್ಮ ಕೋಳಿ ಸುಕ್ಕ, ಮರುವಾಯಿ, ಪಚ್ಚಿಲೆಯಂಥ ಚಿಪ್ಪುಮೀನು ಎಲ್ಲ ಚೆನ್ನಾಗಿ ಬೆಂದೇ ತಟ್ಟೆಗೆ ಬರುತ್ತವೆ. ನನಗೆ ಹೆದರಿಕೆ ಇರುವುದು ಮೆಟ್ಟುಕತ್ತಿಯದ್ದು. ಮಾಂಸ ಕೊಯ್ದು, ನೀರು ಹನಿಸಿ ಹಾಗೇ ಒರೆಸಿ, ಅದರಲ್ಲೇ ಸೌತೆಕಾಯಿ ಹೆಚ್ಚಿ ಕೋಸಂಬರಿ ಮಾಡುತ್ತೇವೆ. ಈ ತಿಂಗಳುಗಳಲ್ಲಿ ಹಸಿ ತರಕಾರಿ ಮೊದಲು ಹೆಚ್ಚಿ, ಮಾಂಸ ಆಮೇಲೆ. ಕತ್ತಿಯನ್ನು ಸೋಪು, ಬಿಸಿನೀರು ಹಾಕಿ ತೊಳೆಯಿರಿ. ಹಿತ್ತಲ ಸೊಪ್ಪನ್ನು ನಾಲ್ಕು ನೀರಲ್ಲಿ ತೊಳೆಯಿರಿ, ಮಣ್ಣಿನ ಕೆಲಸಕ್ಕೆ ಗ್ಲೌಸ್ ಹಾಕಿ. ಬಾವಿ ನೀರು ಕುದಿಸಿಯೇ ಕುಡಿಯಿರಿ. ಕ್ಲೋರಿನ್‌ಗೆ ಈ ಕಣ ಜಗ್ಗುವುದಿಲ್ಲ.

ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಮನೆಯಲ್ಲಿ ಬೆಕ್ಕಿದೆ, ಬಾಕ್ಸ್ ನಾನೇ ತೆಗೆಯುತ್ತಿದ್ದೆ ಅಂತ ಬಾಯಿಬಿಟ್ಟು ಹೇಳಿ. ಬೇಕು ಅನಿಸಿದರೆ ಅವರು ರಕ್ತ ಪರೀಕ್ಷೆ ಬರೆದುಕೊಡುತ್ತಾರೆ. ಅದರಲ್ಲಿ ಐಜಿಜಿ, ಐಜಿಎಂ ಅಂತ ಎರಡು ಬಗೆಯ ಪ್ರತಿಕಾಯ (ಸೋಂಕಿನ ವಿರುದ್ಧ ದೇಹ ತಯಾರಿಸುವ ವಸ್ತು) ನೋಡುತ್ತಾರೆ. ಐಜಿಜಿ ಪಾಸಿಟಿವ್, ಐಜಿಎಂ ನೆಗೆಟಿವ್ ಬಂದರೆ ಸಾಮಾನ್ಯವಾಗಿ ಅದು ಹಳೆಯ ಸೋಂಕು, ನೀವು ಹೆದರಬೇಕಾಗಿಲ್ಲ. ಎರಡೂ ನೆಗೆಟಿವ್ ಆದರೆ ಮೇಲೆ ಹೇಳಿದ ಜಾಗ್ರತೆ ಹೆರಿಗೆಯವರೆಗೂ ಬೇಕು. ಐಜಿಎಂ ಪಾಸಿಟಿವ್ ಬಂದ ತಕ್ಷಣ ಎದೆ ಒಡೆದುಕೊಳ್ಳಬೇಡಿ. ಹಳೆಯ ಸೋಂಕಿನ ಐಜಿಎಂ ಎಷ್ಟೋ ತಿಂಗಳು ರಕ್ತದಲ್ಲಿ ಉಳಿಯಬಹುದು. ಅದನ್ನು ಇನ್ನೊಂದು ಪರೀಕ್ಷೆಯಿಂದ ಖಚಿತ ಮಾಡಿಕೊಳ್ಳುತ್ತಾರೆ, ಹೊಸ ಸೋಂಕೇ ಆಗಿದ್ದರೂ ಔಷಧ ಇದೆ. ಆ ಒಂದು ಚೀಟಿ ನೋಡಿ ಯಾವ ದೊಡ್ಡ ನಿರ್ಧಾರಕ್ಕೂ ಹೋಗಬೇಡಿ.

ದಮ್ಮಿನ ವಿಷಯ. ಕೂದಲು ಹೊಟ್ಟೆಗೆ ಹೋಗಿ ದಮ್ಮು ಬರುವುದಿಲ್ಲ. ಬೆಕ್ಕಿನ ಎಂಜಲು, ಚರ್ಮದಲ್ಲಿರುವ ಪ್ರೋಟೀನ್ ಕೆಲವರಿಗೆ ಅಲರ್ಜಿ, ಅಂಥವರಿಗೆ ಉಬ್ಬಸ ಏಳಬಹುದು. ಮಗುವಿಗೆ ಹಾಗಾಗುತ್ತದೆ ಅಂತ ಕಂಡರೆ ಆಗ ಡಾಕ್ಟರನ್ನು ಕೇಳಿ ತೀರ್ಮಾನಿಸಿ. (ಬಾಣಂತಿ ಕೋಣೆ ತುಂಬ ಹಾಕುವ ಧೂಪದ ಹೊಗೆಯೂ ಎಳೆ ಮಗುವಿನ ಉಸಿರಿಗೆ ಒಳ್ಳೆಯದಲ್ಲ, ಅದನ್ನು ಮಾತ್ರ ಯಾರೂ ಬೇಡ ಅನ್ನುವುದಿಲ್ಲ!)

ಮಗು ಬಂದ ಮೇಲೆ ಚಿಂತೆ ಬೇರೆ. ತೊಟ್ಟಿಲಿನ ಬೆಚ್ಚಗಿನ ಬಟ್ಟೆ ಬೆಕ್ಕಿಗೆ ಬಲು ಇಷ್ಟ. ಮಗುವಿನ ಮುಖಕ್ಕೆ ಒತ್ತಿ ಮಲಗಿದರೆ ಉಸಿರು ಕಟ್ಟಬಹುದು, ಮಗು ಮಲಗಿರುವ ಕೋಣೆಗೆ ಬೆಕ್ಕು ಬೇಡ, ಬಾಗಿಲು ಹಾಕಿ. ಅಂಬೆಗಾಲು ಶುರುವಾದರೆ ಲಿಟರ್ ಬಾಕ್ಸ್ ಕೈಗೆ ಸಿಗದ ಕಡೆ ಹೋಗಬೇಕು, ಹೊಯ್ಗೆ ರಾಶಿಗೆ ಟಾರ್ಪಾಲು ಬೀಳಬೇಕು. ಬೆಕ್ಕು ಮಗುವನ್ನೋ ನಿಮ್ಮನ್ನೋ ಪರಚಿದರೆ, ಕಚ್ಚಿದರೆ ಸುಣ್ಣ, ಅರಿಶಿನ ಹಚ್ಚುತ್ತಾ ಕೂರಬೇಡಿ. ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ರೇಬಿಸ್ ನಾಯಿಯಿಂದ ಮಾತ್ರ ಅಂದುಕೊಂಡವರು ತುಂಬ ಜನ. ಬೆಕ್ಕಿನಿಂದಲೂ ಬರುತ್ತದೆ, ಬಂದರೆ ಜೀವ ಉಳಿಯುವುದಿಲ್ಲ. ರೇಬಿಸ್ ತಡೆಯುವ ಚುಚ್ಚುಮದ್ದನ್ನು ಗರ್ಭಿಣಿಯರಿಗೂ ಹಸುಗೂಸಿಗೂ ಕೊಡಬಹುದು.

ಹಾಗಾಗಿ ಸೀಮಂತ ಮುಗಿಸಿ ತವರಿಗೆ ಹೋಗುವ ಮೊದಲೇ ಮನೆಯವರು ಬೆಕ್ಕನ್ನು ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ ರೇಬಿಸ್ ಲಸಿಕೆ, ಹುಳದ ಮದ್ದು, ಚಿಗಟಕ್ಕೆ ಔಷಧ ಹಾಕಿಸಿಬಿಡಲಿ. ನೀವು ಮರಳಿ ಬರುವಷ್ಟರಲ್ಲಿ ತೊಟ್ಟಿಲ ಕೋಣೆಯ ಬಾಗಿಲು ಮುಚ್ಚಿರುವುದು ಬೆಕ್ಕಿಗೂ ರೂಢಿಯಾಗಿರುತ್ತದೆ. ಅತ್ತೆಗೆ ಇನ್ನೂ ಸಮಾಧಾನವಾಗದಿದ್ದರೆ ಮುಂದಿನ ತಪಾಸಣೆಗೆ ಅವರನ್ನೇ ಜೊತೆಗೆ ಕರೆದುಕೊಂಡು ಹೋಗಿ, ಡಾಕ್ಟರ ಬಾಯಿಂದಲೇ ಕೇಳಲಿ.