ಎದೆ ಬಡಿಯುತ್ತಿತ್ತು, ಆದರೂ ಸತ್ತಿದ್ದಾನೆ ಅಂದರು: ಅದು ನಿಜವಾ?

ಪ್ರಶ್ನೆ: ಸಿಸ್ಟರ್, ನಮ್ಮ ತಮ್ಮ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಯಿತು. ಹಾಸನದಲ್ಲಿ ತೋರಿಸಿ ಬೆಂಗಳೂರಿಗೆ ಕರೆದುಕೊಂಡು ಹೋದೆವು. ನಾಲ್ಕನೇ ದಿನ ಬ್ರೈನ್ ಡೆಡ್ ಅಂದರು. ಎದೆ ಬಡಿಯುತ್ತಿತ್ತು, ಮೈ ಬೆಚ್ಚಗಿತ್ತು. ಒಂದು ಸಲ ಬೆರಳೂ ಅಲ್ಲಾಡಿತು. ವೆಂಟಿಲೇಟರ್ ತೆಗೆಯಬೇಡಿ ಅಂತ ಎರಡು ದಿನ ಜಗಳ ಆಡಿದೆವು. ಕೊನೆಗೆ ಅಣ್ಣ ಅಂಗದಾನಕ್ಕೆ ಸಹಿ ಹಾಕಿದರು. ಅಮ್ಮ ಇವತ್ತಿಗೂ ಅಣ್ಣನ ಜೊತೆ ಮಾತಾಡುತ್ತಿಲ್ಲ. ಅವತ್ತು ಒಪ್ಪದೆ ಇದ್ದಿದ್ದರೆ ತಮ್ಮ ಉಳಿಯುತ್ತಿದ್ದನಾ?
ಬೇಲೂರಿನ ಓದುಗರು

ಇಲ್ಲಮ್ಮ, ಉಳಿಯುತ್ತಿರಲಿಲ್ಲ. ಬೇರೆ ಎಲ್ಲಕ್ಕಿಂತ ಮೊದಲು ಇದನ್ನು ಹೇಳಿಬಿಡಬೇಕು. ಯಾಕೆ ಅಂತ ಈಗ ಹೇಳುತ್ತೇನೆ.

ನಾನು ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಐಸಿಯುನಲ್ಲಿ ನರ್ಸ್ ಆಗಿದ್ದೆ. ನಿಮ್ಮ ಪ್ರಶ್ನೆಯನ್ನೇ ಸಕಲೇಶಪುರದವರು, ಆಲೂರಿನವರು, ಅರಸೀಕೆರೆಯವರು ನನ್ನ ಕೈ ಹಿಡಿದುಕೊಂಡು ಕೇಳಿದ್ದಾರೆ. ಅವರು ತಿಳುವಳಿಕೆ ಇಲ್ಲದೆ ಕೇಳಿದ್ದಲ್ಲ. ನಮ್ಮ ಮಾತಿನಲ್ಲಿ ಸಾವು ಅಂದರೆ ಉಸಿರಿನ ಲೆಕ್ಕ. ‘ಉಸಿರು ನಿಂತಿತು’, ‘ಕೊನೆಯುಸಿರೆಳೆದರು’ ಅನ್ನುತ್ತೇವೆ. ಎದೆ ಏರಿ ಇಳಿಯುತ್ತಿರುವ ಮಗನನ್ನು ತೋರಿಸಿ ಸತ್ತಿದ್ದಾನೆ ಅಂದರೆ ಯಾವ ತಾಯಿ ಒಪ್ಪುತ್ತಾಳೆ?

ಪತ್ರಿಕೆಗಳಲ್ಲಿ ಬರೆಯುವ ಪದವೂ ಸಹಾಯ ಮಾಡುವುದಿಲ್ಲ. ‘ಮೆದುಳು ನಿಷ್ಕ್ರಿಯ’ ಅಂತ ಬರೆಯುತ್ತಾರೆ. ಬ್ಯಾಂಕ್ ಖಾತೆ ನಿಷ್ಕ್ರಿಯವಾದರೆ ಅರ್ಜಿ ಕೊಟ್ಟು ಮತ್ತೆ ಶುರು ಮಾಡಿಸಬಹುದು, ಅಲ್ವಾ? ಓದಿದವರಿಗೆ ಮೆದುಳೂ ಹಾಗೆಯೇ ಅನ್ನಿಸುತ್ತದೆ. ನನಗೆ ಕೇಳಿದರೆ ‘ಮೆದುಳು ಸತ್ತಿದೆ’ ಅಂತಲೇ ಬರೆಯಬೇಕು. ಕೇಳಲು ಕಷ್ಟ, ಆದರೆ ಅದೇ ಸರಿ.

ಒಳಗೆ ಏನಾಗುತ್ತದೆ ಅಂದರೆ, ಪೆಟ್ಟು ಬಿದ್ದ ಮೆದುಳು ಊದಿಕೊಳ್ಳುತ್ತದೆ. ಕಾಲು ಊದಿದರೆ ಚರ್ಮ ಹಿಗ್ಗುತ್ತದೆ. ತಲೆಬುರುಡೆ ಹಿಗ್ಗುವುದಿಲ್ಲ. ಒಳಗಿನ ಒತ್ತಡ ಏರುತ್ತಾ ಏರುತ್ತಾ, ಹೃದಯ ತಳ್ಳುವ ರಕ್ತ ಮೆದುಳಿಗೆ ಹತ್ತಲಾರದ ಹಂತ ಬರುತ್ತದೆ. ರಕ್ತ ಹೋಗದ ಮೆದುಳು ಸಾಯುತ್ತದೆ. ಅದರ ಬುಡದಲ್ಲಿ ಕಾಂಡದಂಥ ಒಂದು ಭಾಗ ಇದೆ. ‘ಉಸಿರು ಎಳೆದುಕೋ’ ಅಂತ ನಾವು ನಿದ್ದೆ ಮಾಡುವಾಗಲೂ ಹೇಳುತ್ತಿರುವುದು ಅದೇ. ಆ ಕಾಂಡ ಹೋದ ಮೇಲೆ ಸ್ವಂತ ಉಸಿರು ಇಲ್ಲ. ಮತ್ತೆ ಬರುವುದೂ ಇಲ್ಲ.

ಹಾಗಾದರೆ ಎದೆ ಯಾಕೆ ಬಡಿಯುತ್ತದೆ? ಬಡಿಯಲು ಹೃದಯಕ್ಕೆ ಮೆದುಳಿನ ಅಪ್ಪಣೆ ಬೇಕಿಲ್ಲ. ಬಡಿತ ಹುಟ್ಟಿಸುವ ಜಾಗ ಹೃದಯದಲ್ಲೇ ಇದೆ. ಮೆಷಿನ್ ಆಮ್ಲಜನಕ ಕೊಡುತ್ತಿರುವವರೆಗೆ ಅದು ಸ್ವಲ್ಪ ಕಾಲ ನಡೆಯುತ್ತದೆ. ರಕ್ತ ಓಡುತ್ತಿರುವುದರಿಂದ ಮೈ ಬೆಚ್ಚಗಿರುತ್ತದೆ, ಮೂತ್ರವೂ ಬರುತ್ತದೆ. ನೀವು ನೋಡಿದ ಬೆರಳಿನ ಅಲುಗಾಟ ಬೆನ್ನುಹುರಿಯದ್ದು. ಬೆನ್ನುಹುರಿ ಮೆದುಳಿಲ್ಲದೆಯೂ ಕೈಕಾಲನ್ನು ಸ್ವಲ್ಪ ಆಡಿಸಬಲ್ಲದು. ಕೆಲವರ ಕೈ ಎದೆಯ ಮೇಲಕ್ಕೆ ಎದ್ದು ಬಂದದ್ದನ್ನು ನಾನೇ ನೋಡಿದ್ದೇನೆ. ಮೊದಲ ಸಲ ನೋಡಿದಾಗ ನನಗೂ ಕಾಲು ನಡುಗಿತ್ತು. ಇಂಥದ್ದು ಆಗಬಹುದು ಅಂತ ಮನೆಯವರಿಗೆ ಮೊದಲೇ ಹೇಳಬೇಕು. ಯಾರೂ ಹೇಳುವುದಿಲ್ಲ. ಎಷ್ಟೋ ಜಗಳ ಶುರುವಾಗುವುದು ಆ ಒಂದು ಬೆರಳಿನಿಂದ.

ಪರೀಕ್ಷೆ ಹೇಗೆ ಮಾಡುತ್ತಾರೆ ಅಂತ ತಿಳಿದರೆ ನಿಮ್ಮ ಮನಸ್ಸು ಸ್ವಲ್ಪ ಹಗುರವಾಗಬಹುದು. ಕಣ್ಣಿಗೆ ಟಾರ್ಚ್ ಬಿಡುತ್ತಾರೆ, ಪಾಪೆ ಕಿರಿದಾಗಬೇಕು. ಕಣ್ಣಿನ ಗುಡ್ಡೆಗೆ ಹತ್ತಿ ಮುಟ್ಟಿಸುತ್ತಾರೆ, ರೆಪ್ಪೆ ಮುಚ್ಚಬೇಕು. ಕಿವಿಗೆ ಐಸ್ ನೀರು ಬಿಡುತ್ತಾರೆ, ಕಣ್ಣು ಹೊರಳಬೇಕು. ಗಂಟಲಿಗೆ ನಳಿಕೆ ಹಾಕಿದರೆ ಕೆಮ್ಮು ಬರಬೇಕು. ಯಾವುದೂ ಆಗದಿದ್ದರೆ ಕೊನೆಗೆ ಉಸಿರಿನ ಪರೀಕ್ಷೆ. ಮೊದಲು ಪೂರ್ತಿ ಆಮ್ಲಜನಕ ತುಂಬಿಸಿ, ವೆಂಟಿಲೇಟರ್ ಬಿಡಿಸಿ, ಎದೆಯನ್ನೇ ನೋಡುತ್ತಾ ನಿಲ್ಲುತ್ತಾರೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡಿನ ಒತ್ತಡ 60ರ (ಪಾದರಸದ ಮಿ.ಮೀ. ಲೆಕ್ಕ) ಮೇಲೆ ಹೋಗಬೇಕು. ಅಷ್ಟಾದಾಗ ಕಾಂಡದಲ್ಲಿ ಒಂದಿಷ್ಟು ಜೀವ ಇದ್ದರೂ ದೇಹ ಉಸಿರಿಗೆ ಎಳೆಯಲೇಬೇಕು.

ಒಮ್ಮೆ ಆಲೂರು ಕಡೆಯ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಒಬ್ಬರು ತಮ್ಮನ ವಿಷಯದಲ್ಲಿ ಯಾರ ಮಾತೂ ನಂಬಲಿಲ್ಲ. ಡಾಕ್ಟರ್ ಅವರನ್ನು ಒಳಗೆ ಕರೆದರು. ಪರೀಕ್ಷೆ ನಡೆದಷ್ಟು ಹೊತ್ತೂ, ಸುಮಾರು ಹತ್ತು ನಿಮಿಷ, ಅವರು ತಮ್ಮನ ಎದೆ ಮೇಲಿಂದ ಕಣ್ಣು ತೆಗೆಯಲಿಲ್ಲ. ಎದೆ ಒಂದು ಸಲವೂ ಏಳಲಿಲ್ಲ. ‘ಹಾಗಾದ್ರೆ ಇಷ್ಟು ದಿನ ಉಸಿರಾಡಿದ್ದು ಮೆಷಿನ್ನಾ ಸಿಸ್ಟರ್?’ ಅಂದರು. ಆಮೇಲೆ ಅಮ್ಮನಿಗೆ ಹೇಳಲು ನಮ್ಮನ್ನು ಕಳಿಸಲಿಲ್ಲ, ತಾವೇ ಹೋದರು. ಅವತ್ತಿನಿಂದ ನನ್ನ ಅಭಿಪ್ರಾಯ ಇದೇ: ಮನೆಯವರಲ್ಲಿ ಗಟ್ಟಿ ಮನಸ್ಸಿನವರು ಯಾರಾದರೂ ಬಯಸಿದರೆ ಈ ಪರೀಕ್ಷೆ ನೋಡಲು ಬಿಡಬೇಕು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಬೇಕು. ಆಸ್ಪತ್ರೆಗಳಲ್ಲಿ ‘ಬ್ರೈನ್ ಡೆಡ್’ ಅನ್ನುವ ಮಾತು ತುಂಬಾ ಸಡಿಲವಾಗಿ ಬಳಕೆಯಾಗುತ್ತದೆ. ಸ್ಕ್ಯಾನ್ ನೋಡಿ, ಪರೀಕ್ಷೆ ಮಾಡುವ ಮೊದಲೇ ‘ಬ್ರೈನ್ ಡೆಡ್ ಥರಾನೇ’ ಅಂದುಬಿಡುತ್ತಾರೆ. ನಾನು ಕೆಲಸ ಮಾಡಿದ ಒಂದು ಕಡೆ ಇದು ದಿನವೂ ಆಗುತ್ತಿತ್ತು. ಥರ ಅನ್ನುವುದೇ ಇಲ್ಲ. ಪರೀಕ್ಷೆ ಆಗಿದೆ ಅಥವಾ ಆಗಿಲ್ಲ, ಎರಡರಲ್ಲಿ ಒಂದು. ಕೋಮಾದಲ್ಲಿರುವವರು ಬದುಕಿರುವವರು. ನಮ್ಮ ಹಳದೀಪುರದಿಂದ ಮುಂಬೈಗೆ ಹೋಗಿ ನರ್ಸ್ ಆಗಿದ್ದ ಅರುಣಾ ಶಾನಭಾಗ್ 1973ರಲ್ಲಿ ಹಲ್ಲೆಗೆ ಸಿಕ್ಕಿ, 2015ರವರೆಗೆ ಹಾಸಿಗೆಯಲ್ಲಿದ್ದರು. ಅವರ ಕಾಂಡ ಕೆಲಸ ಮಾಡುತ್ತಿತ್ತು, ಸ್ವಂತ ಉಸಿರಿತ್ತು. ಅದನ್ನು ಬ್ರೈನ್ ಡೆತ್ ಅನ್ನುವುದಿಲ್ಲ. ಗುಣವಾಗುವ ಆಸೆಯೇ ಇಲ್ಲದ, ಆದರೆ ಬದುಕಿರುವ ರೋಗಿಗೆ ಚಿಕಿತ್ಸೆ ನಿಲ್ಲಿಸುವ ವಿಷಯದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಬೇರೆಯೇ ದಾರಿ ಹಾಕಿದೆ.

ನಮ್ಮ ಮಲೆನಾಡಿನವರು ಇನ್ನೊಂದನ್ನು ನೆನಪಿಡಬೇಕು. ನಾಗರಹಾವು, ಕಟ್ಟುಹಾವು ಕಚ್ಚಿದಾಗ ವಿಷದಿಂದ ಮೈಯೆಲ್ಲ ಸ್ತಬ್ಧವಾಗಿ, ಪಾಪೆ ಅಲ್ಲಾಡದೆ, ಬ್ರೈನ್ ಡೆತ್ ಆದಂತೆಯೇ ಕಾಣಬಹುದು. ತೋಟಕ್ಕೆ ಹೊಡೆಯುವ ಕೆಲವು ಕೀಟನಾಶಕ ಹೊಟ್ಟೆಗೆ ಹೋದಾಗಲೂ ಹಾಗೆ. ಇವರು ವೆಂಟಿಲೇಟರ್ ಮೇಲೆ ದಿನಗಟ್ಟಲೆ ಇದ್ದು ಎದ್ದು ಮನೆಗೆ ಹೋಗುತ್ತಾರೆ. ಅದಕ್ಕೇ ಪರೀಕ್ಷೆಗೆ ಮೊದಲು ಕಾರಣ ಗೊತ್ತಿರಬೇಕು. ವಿಷ, ನಿದ್ದೆ ಔಷಧಿ, ಮೈ ವಿಪರೀತ ತಣ್ಣಗಾಗಿರುವುದು, ಇದ್ಯಾವುದೂ ಇಲ್ಲ ಅಂತ ಖಾತ್ರಿ ಆಗಬೇಕು. ರಾತ್ರಿ ಗದ್ದೆಗೆ ಹೋಗಿದ್ದರು, ನೆಲದ ಮೇಲೆ ಮಲಗಿದ್ದರು ಅನ್ನುವಂಥ ಸಣ್ಣ ಸಂಗತಿಯನ್ನೂ ಡಾಕ್ಟರಿಗೆ ಹೇಳಿ.

ಇನ್ನು ಜಗಳದ ವಿಷಯ. 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ನಾಲ್ವರು ಡಾಕ್ಟರುಗಳು ಸಹಿ ಮಾಡಬೇಕು. ಪರೀಕ್ಷೆ ಎರಡು ಸಲ ಆಗಬೇಕು, ನಡುವೆ ಕಡಿಮೆ ಅಂದರೂ 6 ಗಂಟೆ ಬಿಡಬೇಕು. ಕಸಿ ಮಾಡುವ ತಂಡದವರು ಇದರಲ್ಲಿ ಇರುವಂತಿಲ್ಲ. ಇದೆಲ್ಲ ಅಂಗದಾನದ ದಾರಿ. ದಾನ ಬೇಡ ಅಂದ ಮನೆಯವರ ವಿಷಯದಲ್ಲಿ ಕಾನೂನು ಅಷ್ಟು ಸ್ಪಷ್ಟವಾಗಿಲ್ಲ. ಜನನ ಮರಣ ನೋಂದಣಿ ಕಾಯ್ದೆ 1969ರದ್ದು. ಜೀವದ ಎಲ್ಲ ಕುರುಹೂ ಹೋಗಿರಬೇಕು ಅನ್ನುತ್ತದೆ, ಮೆದುಳಿನ ಮಾತೇ ಎತ್ತುವುದಿಲ್ಲ. ಹಾಗಾಗಿ ಮನೆಯವರು ಬೇಡ ಅಂದರೆ ಡಾಕ್ಟರುಗಳು ಮೆಷಿನ್ ತೆಗೆಯಲು ಹೆದರುತ್ತಾರೆ. ಮನೆಯವರು ‘ಬಿಲ್ಲಿಗೋಸ್ಕರ ಇಟ್ಟುಕೊಂಡಿದ್ದಾರೆ’ ಅಂತಲೂ ಅನ್ನುತ್ತಾರೆ, ‘ಕಿಡ್ನಿಗೋಸ್ಕರ ಸಾಯಿಸುತ್ತಿದ್ದಾರೆ’ ಅಂತಲೂ ಅನ್ನುತ್ತಾರೆ. ಕೇರಳ 2020ರಲ್ಲೇ ದಾನಕ್ಕೂ ಸಾವಿನ ಘೋಷಣೆಗೂ ಗಂಟು ಹಾಕದೆ ನಿಯಮ ಮಾಡಿತು. ನಮ್ಮಲ್ಲೂ ಅಂಥದ್ದು ಬೇಕೇ ಬೇಕು.

ಆಸ್ಪತ್ರೆಯವರ ದೊಡ್ಡ ತಪ್ಪು ನನ್ನ ಪ್ರಕಾರ ಒಂದೇ. ‘ವೆಂಟಿಲೇಟರ್ ತೆಗೆಯೋಣವಾ?’ ಅಂತ ಕೇಳುತ್ತಾರೆ. ಸಾವು ಆಗಿಹೋಗಿದೆ, ಆದರೆ ಪ್ರಶ್ನೆ ಕೇಳುವ ರೀತಿಗೆ ಸಾವು ಇನ್ನು ಮನೆಯವರ ಕೈಯಲ್ಲಿದೆ ಅನ್ನಿಸಿಬಿಡುತ್ತದೆ. ಅದೇ ಉಸಿರಿನಲ್ಲಿ ಅಂಗದಾನದ ಮಾತೂ ಬಂದರೆ ಮುಗಿಯಿತು. ಮೊದಲು ಸಾವಿನ ಸುದ್ದಿ ಹೇಳಬೇಕು. ಅಳಲು ಬಿಡಬೇಕು. ದೂರದಿಂದ ಬರುವ ಮಗಳೋ ಅಣ್ಣನೋ ಬರುವವರೆಗೆ ಕಾಯಬೇಕು. ದಾನದ ಮಾತು ಆಮೇಲೆ, ಬೇರೆಯವರ ಬಾಯಿಂದ ಬರಬೇಕು.

ಕೆಲವರು ‘ಮನೆಗೆ ಕರೆದುಕೊಂಡು ಹೋಗುತ್ತೇವೆ’ ಅಂತ ಆಂಬುಲೆನ್ಸ್ ಹತ್ತಿಸುತ್ತಾರೆ. ಅಪಘಾತದ ಕೇಸಿನಲ್ಲಿ ದಯವಿಟ್ಟು ದುಡುಕಬೇಡಿ. ಅದು ಪೊಲೀಸ್ ಕೇಸು, ಪೋಸ್ಟ್‌ಮಾರ್ಟಂ ಆಗಬೇಕು. ಆ ರಿಪೋರ್ಟ್ ಇಲ್ಲದಿದ್ದರೆ ಮುಂದೆ ವಿಮೆ ಪರಿಹಾರಕ್ಕೆ ಅಲೆದಾಟ ತಪ್ಪುವುದಿಲ್ಲ.

ಕಡೂರು ತಾಲ್ಲೂಕಿನ ಪಂಚನಹಳ್ಳಿಯ ಸಿನಿಮಾ ನಟ ಸಂಚಾರಿ ವಿಜಯ್ ನಿಮಗೆ ನೆನಪಿರಬೇಕು. 2021ರ ಜೂನ್‌ನಲ್ಲಿ ಅವರಿಗೂ ಬೈಕ್ ಅಪಘಾತವೇ ಆಗಿತ್ತು, ಮೆದುಳೇ ಸತ್ತಿತ್ತು, ಮನೆಯವರೇ ಅಂಗದಾನಕ್ಕೆ ಒಪ್ಪಿದ್ದು. ನಿಮ್ಮ ಅಣ್ಣ ಮಾಡಿದ್ದೂ ಅದನ್ನೇ.

ಈಗ ಒಂದು ಕೆಲಸ ಮಾಡಿ. ನಿಮ್ಮ ತಮ್ಮನ ದಾಖಲೆಗಳ ಪ್ರತಿ ಕೊಡಿ ಅಂತ ಆಸ್ಪತ್ರೆಗೆ ಬರೆದು ಕೇಳಿ. ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ ನಿಯಮ ಇದೆ. ಅದರಲ್ಲಿ ನಾಲ್ವರು ಡಾಕ್ಟರುಗಳು ಸಹಿ ಮಾಡಿದ ‘ಫಾರಂ 10’ ಹುಡುಕಿ. ಎರಡೂ ಪರೀಕ್ಷೆ ಯಾವತ್ತು, ಎಷ್ಟು ಹೊತ್ತಿಗೆ ಆಯಿತು ಅಂತ ಅದರಲ್ಲಿರುತ್ತದೆ. ಎರಡನೇ ಪರೀಕ್ಷೆಯ ಹೊತ್ತನ್ನೇ ಸಾವಿನ ಹೊತ್ತು ಅಂತ ಬರೆಯುವುದು ರೂಢಿ. ಆಮೇಲೆ ನಿಮ್ಮ ಅಣ್ಣ ಸಹಿ ಮಾಡಿದ ‘ಫಾರಂ 8’ ತೆಗೆಯಿರಿ. ಎರಡನ್ನೂ ಅಮ್ಮನ ಮುಂದೆ ಪಕ್ಕಪಕ್ಕ ಇಟ್ಟು, ಯಾವುದು ಮೊದಲು ಆಗಿದ್ದು ಅಂತ ಓದಿ ಹೇಳಿ. ಓದುವಾಗ ಅಣ್ಣನೂ ಅಲ್ಲೇ ಇರಲಿ.