ಕಡಿದಷ್ಟೂ ಚಿಗುರುವ ಪಕ್ಕದ ಮನೆಯ ಗಿಡ

ಪಕ್ಕದ ಮನೆಯವರ ಬಿದಿರು ನಮ್ಮ ಹಿತ್ತಲಿನಲ್ಲಿ ಮೊಳಕೆ ಎತ್ತಿದಾಗ ಮೊದಲು ಕೈಗೆ ಬರುವುದು ಕತ್ತಿ, ಆಮೇಲೆ ಬಾಯಿಗೆ ಬರುವುದು ಮಾತು. ಎರಡೂ ಕೆಲಸ ಕೆಡಿಸುತ್ತವೆ. ಮಾತು ಹೇಗೆ ಕೆಡಿಸುತ್ತದೆ ಎಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಕತ್ತಿ ಹೇಗೆ ಕೆಡಿಸುತ್ತದೆ ಎಂಬುದು ಮಾತ್ರ ಬಹಳ ಜನರಿಗೆ ತಿಳಿದಿಲ್ಲ. ಸಸ್ಯವಿಜ್ಞಾನದಲ್ಲಿ ನನ್ನನ್ನು ಎಂದೂ ಬೇಸರಗೊಳಿಸದ ವಿಷಯಗಳಲ್ಲಿ ಅದೂ ಒಂದು.

ಇಂಥ ಜಗಳಗಳಲ್ಲಿ ಎರಡೂ ಕಡೆಯ ವಾದ ಎಲ್ಲೆಡೆಯೂ ಹೆಚ್ಚುಕಡಿಮೆ ಒಂದೇ. ‘ನಮ್ಮ ಜಾಗದಲ್ಲಿ ನಾವು ನೆಟ್ಟಿದ್ದೇವೆ, ನಿಮ್ಮ ಕಡೆ ಬಂದದ್ದನ್ನು ನೀವು ಕಡಿದುಕೊಳ್ಳಿ’ ಎನ್ನುವುದು ಒಬ್ಬರ ಮಾತು. ‘ಕಡಿದು ಕಡಿದು ಸಾಕಾಯಿತು, ನೀವು ಬೇಕೆಂದೇ ಬಿಟ್ಟಿದ್ದೀರಿ’ ಎನ್ನುವುದು ಇನ್ನೊಬ್ಬರದು. ಇಷ್ಟು ಕಿತ್ತಾಡುವವರೂ ಒಂದು ವಿಷಯದಲ್ಲಿ ಒಮ್ಮತದಿಂದಿರುತ್ತಾರೆ: ಬೇಲಿಯ ಆಚೆ ಒಂದಷ್ಟು ಗಿಡ, ಈಚೆ ಇನ್ನೊಂದಷ್ಟು ಗಿಡ. ಆ ಒಮ್ಮತವೇ ತಪ್ಪು. ಎಷ್ಟೋ ಸಲ ಅಲ್ಲಿರುವುದು ಒಂದೇ ಒಂದು ಗಿಡ.

ಓಡುವ ಜಾತಿಯ ಬಿದಿರನ್ನೋ, ಯುರೋಪಿನ ತೋಟಗಳನ್ನು ಗೋಳು ಹೊಯ್ದುಕೊಳ್ಳುತ್ತಿರುವ ಜಪಾನಿ ನಾಟ್‌ವೀಡ್ ಎಂಬ ಕಳೆಯನ್ನೋ ಗುದ್ದಲಿಯಿಂದ ಮೆಲ್ಲಗೆ ಬಗೆದು ನೋಡಬೇಕು. ನಾವು ಬೇರು ಎಂದುಕೊಂಡಿದ್ದು ನಿಜವಾಗಿ ಕಾಂಡ. ಮಣ್ಣಿನೊಳಗೆ ಅಡ್ಡಡ್ಡಲಾಗಿ ಹರಿಯುವ ಈ ಕಾಂಡಕ್ಕೆ ಗೆಣ್ಣುಗಳಿವೆ. ಪ್ರತಿ ಗೆಣ್ಣಿನಲ್ಲೂ ಒಣಗಿ ಕಂದಿದ ಪುಟ್ಟ ಪೊರೆಯೊಂದು. ಅದು ಎಲೆಯ ಅವಶೇಷ. ಪೊರೆಯನ್ನು ಉಗುರಿನಿಂದ ಎತ್ತಿದರೆ ಅದರ ಕಂಕುಳಲ್ಲಿ ಚೂಪಾದ ಒಂದು ಮೊಗ್ಗು. ಸುತ್ತಲೂ ಕೆಳಕ್ಕೆ ಇಳಿದ ಎಳೆಗಳು ಮಾತ್ರ ನಿಜವಾದ ಬೇರುಗಳು. ನಾಟ್‌ವೀಡಿನ ಹಸಿ ಕಾಂಡ ಬಾಗುವುದಿಲ್ಲ, ಲಟಕ್ಕನೆ ಮುರಿಯುತ್ತದೆ; ಮುರಿದ ಕಡೆ ಕಿತ್ತಳೆ ಬಣ್ಣದ ತಿರುಳು ಕಾಣುತ್ತದೆ. ಎಲೆಗಳು ಬಿಸಿಲಿನಲ್ಲಿ ತಯಾರಿಸಿದ ಸಕ್ಕರೆಯೆಲ್ಲ ಇಳಿದು ಪಿಷ್ಟವಾಗಿ ಕೂಡಿರುವುದು ಇಲ್ಲೇ. ಮೊಗ್ಗುಗಳಲ್ಲಿ ಬಹುಪಾಲು ನಿದ್ದೆಯಲ್ಲಿವೆ. ಪಕ್ಕದಲ್ಲೇ ಇಷ್ಟು ಆಹಾರವಿದ್ದರೂ ಅವು ಏಳದಂತೆ ಏನೋ ತಡೆದು ಹಿಡಿದಿದೆ.

ತಡೆಯುವುದು ಯಾವುದು ಎಂದು ಹುಡುಕಿದ ಕಥೆ ಚಾರ್ಲ್ಸ್ ಡಾರ್ವಿನ್ ಅವರಿಂದ ಶುರುವಾಗುತ್ತದೆ. ಮುಪ್ಪಿನಲ್ಲಿ ಅವರು ಮಗ ಫ್ರಾನ್ಸಿಸ್ ಜೊತೆ ಸೇರಿ ಹುಲ್ಲಿನ ಮೊಳಕೆಗಳ ತುದಿಗೆ ಬೆಳಕು ಬೀಳದಂತೆ ಪುಟ್ಟ ಟೋಪಿ ತೊಡಿಸಿ ನೋಡಿದರು. ಬೆಳಕನ್ನು ಗ್ರಹಿಸುವುದು ತುದಿ, ಬಾಗುವುದು ಅದರ ಕೆಳಗಿನ ಭಾಗ. ತುದಿಯಿಂದ ಯಾವುದೋ ಪ್ರಭಾವ ಕೆಳಕ್ಕೆ ಇಳಿಯುತ್ತದೆ ಎಂದು 1880ರಲ್ಲಿ ಅವರು ಬರೆದರು. ಆ ಪ್ರಭಾವವನ್ನು ಅಗರ್ ಎಂಬ ಜೆಲ್ಲಿಯ ತುಂಡಿನೊಳಗೆ ಇಳಿಸಿಕೊಂಡು, ತುದಿ ಕಳೆದುಕೊಂಡ ಮೊಳಕೆಯ ಮೇಲಿಟ್ಟು ಅದನ್ನು ಬಾಗಿಸಿ ತೋರಿಸಿದವರು ಹಾಲೆಂಡಿನ ಫ್ರಿಟ್ಸ್ ವೆಂಟ್. ಅದು 1920ರ ದಶಕದ ಮಾತು. ಗಿಡದ ಹಾರ್ಮೋನಾದ ಆ ವಸ್ತುವಿಗೆ ಆಕ್ಸಿನ್ ಎಂಬ ಹೆಸರು ಬಂತು. 1930ರ ದಶಕದಲ್ಲಿ ಕೆನೆತ್ ಥೀಮನ್ ಮತ್ತು ಫೋಕ್ ಸ್ಕೂಗ್ ದ್ವಿದಳ ಗಿಡವೊಂದರ ಕುಡಿ ಚಿವುಟಿದರು. ಕೆಳಗಿನ ಮೊಗ್ಗುಗಳು ಚಿಗುರಿದವು. ಚಿವುಟಿದ ಗಾಯದ ಮೇಲೆ ಆಕ್ಸಿನ್ ಇಟ್ಟಾಗ ಮೊಗ್ಗುಗಳು ಮಲಗಿಯೇ ಇದ್ದವು. ಬೆಳೆಯುವ ತುದಿ ಇರುವವರೆಗೆ ಉಳಿದ ಮೊಗ್ಗುಗಳಿಗೆ ಅವಕಾಶವಿಲ್ಲ.

ಇಲ್ಲಿಗೆ ಕಥೆ ಮುಗಿಯಿತೆಂದು ಪಠ್ಯಪುಸ್ತಕಗಳು ಬಹುಕಾಲ ಹೇಳಿದವು. ಆದರೆ ತುದಿಯಿಂದ ಇಳಿದ ಆಕ್ಸಿನ್ ಮೊಗ್ಗಿನ ಒಳಗೆ ಹೋಗುವುದೇ ಇಲ್ಲ. ಹೊರಗೆ ನಿಂತು ಅದು ತಡೆಯುವುದಾದರೂ ಹೇಗೆ? 2008ರಲ್ಲಿ ಮೊಗ್ಗುಗಳನ್ನು ತಡೆಯುವಲ್ಲಿ ಸ್ಟ್ರೈಗೋಲ್ಯಾಕ್ಟೋನ್ ಎಂಬ ಇನ್ನೊಂದು ಹಾರ್ಮೋನಿನ ಪಾತ್ರ ಬೆಳಕಿಗೆ ಬಂತು. 2014ರಲ್ಲಿ ಬಟಾಣಿ ಗಿಡದ ಮೇಲೆ ನಡೆದ ಪ್ರಯೋಗವಂತೂ ನೋಟವನ್ನೇ ಬದಲಿಸಿತು. ತುದಿ ಕತ್ತರಿಸಿದಾಗ ಆಕ್ಸಿನ್ ಕಡಿಮೆಯಾದ ಸುದ್ದಿ ತಲುಪುವ ಮುಂಚೆಯೇ ಕೆಳಗಿನ ಮೊಗ್ಗುಗಳು ಎದ್ದಿದ್ದವು. ಆಕ್ಸಿನ್ ಸಾಗುವುದು ಗಂಟೆಗೆ ಸುಮಾರು ಒಂದು ಸೆಂಟಿಮೀಟರ್. ಸಕ್ಕರೆ ಸಾಗುವುದು ಅದಕ್ಕಿಂತ ಎಷ್ಟೋ ಪಟ್ಟು ವೇಗದಲ್ಲಿ. ಬೆಳೆಯುವ ತುದಿ ಸಕ್ಕರೆಯನ್ನು ತನ್ನತ್ತ ಎಳೆದುಕೊಳ್ಳುತ್ತಿರುತ್ತದೆ. ಅದನ್ನು ಕತ್ತರಿಸಿದೊಡನೆ ಹರಿವು ಹಿಂದಿನ ಮೊಗ್ಗುಗಳತ್ತ ತಿರುಗುತ್ತದೆ. ಅವುಗಳನ್ನು ಎಬ್ಬಿಸುವ ಮೊದಲ ಕರೆ ಆ ಸಕ್ಕರೆಯೇ. ಹಾರ್ಮೋನುಗಳ ಕೆಲಸ ಆಮೇಲೆ ಬರುತ್ತದೆ.

ಈಗ ಕತ್ತಿಗೆ ಬರೋಣ. ಒಂದು ಚಿಗುರು ಕಡಿದರೆ ಒಂದು ಹೋಗುತ್ತದೆ, ಹಲವು ಏಳುತ್ತವೆ. ಸಿಟ್ಟಿನಿಂದ ಗುದ್ದಲಿ ಹಿಡಿದು ನೆಲವನ್ನೇ ಕೊಚ್ಚಿದರೆ ಇನ್ನೂ ಕಷ್ಟ: ಒಂದೇ ತುದಿಗೆ ಅಧೀನವಾಗಿದ್ದ ಕಾಂಡ ಹತ್ತು ಸ್ವತಂತ್ರ ತುಂಡುಗಳಾಗುತ್ತದೆ, ಪ್ರತಿ ತುಂಡಿನಲ್ಲೂ ಮೊಗ್ಗಿದೆ, ಪಿಷ್ಟವಿದೆ. ನಾಟ್‌ವೀಡಿನ ಒಂದು ಗ್ರಾಮ್‌ಗಿಂತ ಕಡಿಮೆ ತೂಕದ ತುಂಡೂ ಹೊಸ ಗಿಡವಾಗಬಲ್ಲದು. ಕೊನ್ನಾರಿ ಗೆಡ್ಡೆಯದ್ದೂ ಇದೇ ಕಥೆ. ನೆಲದೊಳಗೆ ಸರಪಳಿಯಾಗಿ ಕೂಡಿಕೊಂಡಿರುವ ಗೆಡ್ಡೆಗಳಲ್ಲಿ ಹಲವು ಮಲಗಿರುತ್ತವೆ. ಉಳುಮೆ ಸರಪಳಿಯನ್ನು ಕಡಿಯುತ್ತದೆ, ಗೆಡ್ಡೆಗಳೆಲ್ಲ ಏಳುತ್ತವೆ. ಯಂತ್ರದಿಂದ ಮಣ್ಣು ಪುಡಿಮಾಡಿಸಿ ‘ಸ್ವಚ್ಛ’ಗೊಳಿಸಿದ ಹಿತ್ತಲುಗಳು ಎರಡೇ ತಿಂಗಳಲ್ಲಿ ಮೊದಲಿಗಿಂತ ದಟ್ಟವಾಗುವುದು ಇದರಿಂದಲೇ. ಅದಕ್ಕೆ ಪಕ್ಕದವರನ್ನು ಬೈಯುವುದು ಅನ್ಯಾಯ.

ಇದಕ್ಕಿಂತ ಸೋಜಿಗದ ಸಂಗತಿ ಬೇಲಿಯ ಕೆಳಗೇ ನಡೆಯುತ್ತದೆ. ವಿಜ್ಞಾನಿಗಳು ಇಂಥ ಗಿಡದ ಒಂದು ಚಿಗುರಿಗೆ ಮಾತ್ರ ವಿಕಿರಣ ಗುರುತಿರುವ ಇಂಗಾಲದ ಡೈ ಆಕ್ಸೈಡ್ ಉಣಿಸಿ, ಆ ಇಂಗಾಲ ಎಲ್ಲೆಲ್ಲಿ ತಲುಪಿತು ಎಂದು ಹಿಂಬಾಲಿಸಿದ್ದಾರೆ. ಬಳ್ಳಿಗಳಿಂದಲೋ ನೆಲದಡಿಯ ಕಾಂಡದಿಂದಲೋ ಕೂಡಿಕೊಂಡ ಹಲವು ಗಿಡಗಳಲ್ಲಿ ಬಿಸಿಲಿನಲ್ಲಿರುವ ಚಿಗುರಿನ ಸಕ್ಕರೆ ನೆರಳಿನಲ್ಲಿರುವ, ಎಲೆ ಕಳೆದುಕೊಂಡ ಚಿಗುರುಗಳಿಗೆ ಹೋಗುತ್ತದೆ. ನೀರೂ ಪೋಷಕಾಂಶಗಳೂ ಹೀಗೆಯೇ ಹಂಚಿಕೆಯಾಗುತ್ತವೆ. ಬ್ಯಾಂಕಿನ ಜಂಟಿ ಖಾತೆಯಂತೆ: ನಾವು ಈ ಕಡೆ ಎಲೆ ಕತ್ತರಿಸಿ ಖಾತೆ ಖಾಲಿಮಾಡುತ್ತಿದ್ದರೆ, ಆ ಕಡೆಯ ಎಲೆಗಳು ದಿನವೂ ಹಣ ಕಟ್ಟುತ್ತಿರುತ್ತವೆ. ವರ್ಷಗಟ್ಟಲೆ ಕಡಿದರೂ ನಮ್ಮ ಕಡೆಯ ಚಿಗುರು ಸೊರಗುವುದಿಲ್ಲ, ಏಕೆಂದರೆ ಅದಕ್ಕೆ ಊಟ ಬರುವುದು ಪಕ್ಕದ ಹಿತ್ತಲಿನ ಬಿಸಿಲಿನಿಂದ. ಪಕ್ಕದವರು ನೀರು ಹಾಯಿಸಬೇಕಾಗಿಲ್ಲ, ಗೊಬ್ಬರ ಹಾಕಬೇಕಾಗಿಲ್ಲ, ದ್ವೇಷ ಸಾಧಿಸಬೇಕಾಗಿಯೂ ಇಲ್ಲ.

ಒಂದೇ ಗಿಡ ಎಷ್ಟು ದೊಡ್ಡದಾಗಬಹುದು? ಅಮೆರಿಕದ ಯೂಟಾ ರಾಜ್ಯದಲ್ಲಿ ‘ಪಾಂಡೊ’ ಎಂಬ ಹೆಸರಿನ ಆಸ್ಪೆನ್ ಮರಗಳ ತೋಪು ಸುಮಾರು 43 ಹೆಕ್ಟೇರ್ ಹರಡಿದೆ. ಅಲ್ಲಿ ಕಾಣುವ 40,000ಕ್ಕೂ ಹೆಚ್ಚು ಕಾಂಡಗಳು ಒಂದೇ ಬೇರಿನ ಜಾಲದಿಂದ ಎದ್ದವು.

ಎಲ್ಲ ಬಿದಿರೂ ಹೀಗೆ ಓಡುವುದಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಮೆಳೆಗಟ್ಟುವ ಬಿದಿರಿನಲ್ಲಿ ನೆಲದಡಿಯ ಕಾಂಡದ ತುದಿಯೇ ಮೇಲಕ್ಕೆ ತಿರುಗಿ ಬೊಂಬಾಗುತ್ತದೆ. ತುದಿ ಮೇಲೆದ್ದ ಮೇಲೆ ಅದು ಮುಂದಕ್ಕೆ ಹೋಗುವ ಮಾತಿಲ್ಲ. ಹೊಸ ಬೊಂಬು ಹಳೆಯದರ ಮಗ್ಗುಲಲ್ಲೇ ಏಳುತ್ತದೆ. ಫಿಲೋಸ್ಟ್ಯಾಕಿಸ್ ಕುಲದಂಥ ಓಡುವ ಬಿದಿರಿನಲ್ಲಿ ತುದಿ ನೆಲದೊಳಗೇ ಮುಂದೆ ಸಾಗುತ್ತಿರುತ್ತದೆ, ಪಕ್ಕದ ಮೊಗ್ಗುಗಳು ಮಾತ್ರ ಬೊಂಬುಗಳಾಗುತ್ತವೆ. ತುದಿ ಯಾವ ದಿಕ್ಕಿಗೆ ತಿರುಗುತ್ತದೆ ಎಂಬ ಈ ಒಂದೇ ವ್ಯತ್ಯಾಸದ ಮೇಲೆ ಅಕ್ಕಪಕ್ಕದವರ ನೆಮ್ಮದಿ ನಿಂತಿದೆ. ನರ್ಸರಿಗಳಲ್ಲಿ ಎರಡನ್ನೂ ಬರಿಯ ‘ಬಿದಿರು’ ಎಂದು ಮಾರುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಇಷ್ಟೊಂದು ಊರುಬಿಟ್ಟ ಗಿಡಗಳು ಹಿತ್ತಲುಗಳಿಗೆ ಬಂದದ್ದಾದರೂ ಹೇಗೆ? ಬಹಳಷ್ಟನ್ನು ಪ್ರೀತಿಯಿಂದಲೇ ತಂದರು. 1829ರ ಸುಮಾರಿಗೆ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಮುಚ್ಚಿದ ಗಾಜಿನ ಬಾಟಲಿಯೊಳಗೆ ತೇವದ ಮಣ್ಣು ಹಾಕಿ ಪತಂಗದ ಕೋಶವೊಂದನ್ನು ಇಟ್ಟಿದ್ದರು. ಆ ಮಣ್ಣಿನಲ್ಲಿ ಜರೀಗಿಡವೂ ಹುಲ್ಲೂ ಹುಟ್ಟಿ, ಯಾರೂ ನೀರೆರೆಯದೆ ಬದುಕಿದವು. 1833ರಲ್ಲಿ ಅವರ ಗಾಜಿನ ಪೆಟ್ಟಿಗೆಗಳಲ್ಲಿ ಗಿಡಗಳು ಲಂಡನ್ನಿನಿಂದ ಹೊರಟು, ತಿಂಗಳುಗಟ್ಟಲೆ ಹಡಗಿನ ಅಟ್ಟದ ಮೇಲಿದ್ದು, ಜೀವಂತವಾಗಿ ಸಿಡ್ನಿ ತಲುಪಿದವು. ಅಲ್ಲಿಯವರೆಗೆ ಉಪ್ಪುಗಾಳಿಗೆ ಸಾಯುತ್ತಿದ್ದ ಗಿಡಗಳು ಆಮೇಲೆ ಖಂಡದಿಂದ ಖಂಡಕ್ಕೆ ಹೊರಟವು. ಜಪಾನಿನಲ್ಲಿ ವೈದ್ಯರಾಗಿದ್ದ ಫಿಲಿಪ್ ಫ್ರಾಂಜ್ ಫಾನ್ ಸೀಬೋಲ್ಡ್, ನಕ್ಷೆಗಳನ್ನು ಇಟ್ಟುಕೊಂಡ ಆರೋಪದ ಮೇಲೆ 1829ರಲ್ಲಿ ಅಲ್ಲಿಂದ ಗಡೀಪಾರಾಗಿ, ಹಾಲೆಂಡಿನ ಲೈಡನ್ನಿನಲ್ಲಿ ಸಸ್ಯಗಳ ವ್ಯಾಪಾರ ಶುರುಮಾಡಿದರು. ಅವರ ನಾಟ್‌ವೀಡಿಗೆ 1847ರಲ್ಲಿ ಉಟ್ರೆಕ್ಟ್‌ನ ತೋಟಗಾರಿಕೆ ಸಂಘ ವರ್ಷದ ಅತ್ಯಂತ ಆಸಕ್ತಿಕರ ಹೊಸ ಅಲಂಕಾರ ಸಸ್ಯವೆಂದು ಚಿನ್ನದ ಪದಕ ಕೊಟ್ಟಿತು. 1850ರಲ್ಲಿ ಅದು ಲಂಡನ್ನಿನ ಕ್ಯೂ ಸಸ್ಯೋದ್ಯಾನಕ್ಕೆ ಹೋಯಿತು. ಇಂದು ಬ್ರಿಟನ್ನಿನಲ್ಲಿ ಹಬ್ಬಿರುವ ಜಪಾನಿ ನಾಟ್‌ವೀಡ್ ಒಂದೇ ಹೆಣ್ಣು ಗಿಡದ ತುಂಡುಗಳ ಸಂತತಿ ಎಂದು ಡಿಎನ್‌ಎ ಪರೀಕ್ಷೆ ತೋರಿಸಿದೆ. ಗಂಡು ಗಿಡವೇ ಇಲ್ಲದೆ ಒಂದು ದೇಶ ತುಂಬಿತು. ಕಡಿದು ಎಸೆದ ತುಂಡುಗಳು, ಮಣ್ಣು ಸಾಗಿಸಿದ ಗಾಡಿಗಳು, ಹರಿಯುವ ನೀರು ಅಷ್ಟನ್ನು ಮಾಡಿದವು.

‘ಇಷ್ಟು ವರ್ಷ ಸುಮ್ಮನಿದ್ದ ಗಿಡ ಈಗೇಕೆ ಹರಡುತ್ತದೆ?’ ಎಂಬ ವಾದವೂ ಜಗಳದಲ್ಲಿ ಬರುತ್ತದೆ. ಜರ್ಮನಿಯ ಬ್ರಾಂಡೆನ್‌ಬುರ್ಗ್ ಪ್ರದೇಶಕ್ಕೆ ಹೊರಗಿನಿಂದ ತಂದ ಮರ ಮತ್ತು ಪೊದೆಗಳ ದಾಖಲೆಗಳನ್ನು ಸಸ್ಯಪರಿಸರ ವಿಜ್ಞಾನಿ ಇಂಗೋ ಕೊವಾರಿಕ್ ಪರಿಶೀಲಿಸಿದಾಗ, ನೆಟ್ಟ ಕಾಲಕ್ಕೂ ತಾವಾಗಿ ಹಬ್ಬತೊಡಗಿದ ಕಾಲಕ್ಕೂ ಸರಾಸರಿ 147 ವರ್ಷಗಳ ಅಂತರ ಕಂಡಿತು. ಅಜ್ಜ ನೆಟ್ಟಾಗ ಸಾಧುವಾಗಿತ್ತು ಎಂಬುದು ಮೊಮ್ಮಗನ ಪರವಾದ ಸಾಕ್ಷಿಯಾಗುವುದಿಲ್ಲ. ಹಾಗೆಂದು ಹೊರಗಿನಿಂದ ಬಂದ ಗಿಡವೆಲ್ಲ ಪೀಡೆಯೂ ಅಲ್ಲ. ತೋಟಗಳಲ್ಲಿರುವ ಪರದೇಶಿ ಗಿಡಗಳಲ್ಲಿ ಬಹುಪಾಲು ಬೇಲಿ ದಾಟುವುದೇ ಇಲ್ಲ.

ಬೀಜದಿಂದ ಹರಡುವ ಗಿಡಗಳ ಲೆಕ್ಕ ಬೇರೆ. ಲಂಟಾನದ ಹಣ್ಣು ತಿಂದ ಹಕ್ಕಿಗೆ ಯಾರ ಗಡಿಯೂ ಗೊತ್ತಿಲ್ಲ. ನಮ್ಮಲ್ಲಿ ಹುಟ್ಟಿದ ಸಸಿ ಪಕ್ಕದ ಪೊದೆಯದ್ದೋ ಎರಡು ಬೀದಿಯಾಚೆಯದ್ದೋ ಹೇಳಲಾಗದು. ಅಲ್ಲಿ ಕೇಳಿಕೊಳ್ಳಬೇಕಾದದ್ದು ಇಷ್ಟೇ: ಕಾಯಿ ಕಟ್ಟುವ ಮೊದಲು ಹೂಗೊಂಚಲು ಕತ್ತರಿಸಿ.

ಭಯವೂ ಹದ ಮೀರಬಾರದು. 2018ರಲ್ಲಿ ಬ್ರಿಟನ್ನಿನ ಮೇಲ್ಮನವಿ ನ್ಯಾಯಾಲಯ, ರೈಲ್ವೆ ಜಾಗದಿಂದ ಮನೆಗಳತ್ತ ಹಬ್ಬಿದ ನಾಟ್‌ವೀಡ್ ಗೋಡೆ ಒಡೆಯದಿದ್ದರೂ ಮನೆಯವರು ತಮ್ಮ ಜಾಗ ಅನುಭವಿಸುವುದಕ್ಕೆ ಅಡ್ಡಿ ಎಂದು ಹೇಳಿತು. ಅದೇ ವರ್ಷ ಪ್ರಕಟವಾದ ಅಧ್ಯಯನವೊಂದು ಈ ಗಿಡ ಕಟ್ಟಡಗಳಿಗೆ ಮಾಡುವ ಹಾನಿ ಸಾಮಾನ್ಯ ಮರಗಳು ಮಾಡುವುದಕ್ಕಿಂತ ಹೆಚ್ಚಲ್ಲ ಎಂದು ತೋರಿಸಿತು. ಅದು ಗಟ್ಟಿ ಕಾಂಕ್ರೀಟನ್ನು ಸೀಳುವುದಿಲ್ಲ, ಇರುವ ಬಿರುಕಿನಲ್ಲಿ ನುಸುಳುತ್ತದೆ.

ಇನ್ನು ಅಮಾವಾಸ್ಯೆಯ ದಿನ ಕಡಿದರೆ ಮತ್ತೆ ಚಿಗುರದು ಎಂಬ ನಂಬಿಕೆ. ಚಂದ್ರನ ಕಲೆ ನೋಡಿ ಗಿಡ ಕಡಿಯುವ ಪದ್ಧತಿ ಹಲವು ದೇಶಗಳಲ್ಲಿದೆ; ಮೊಗ್ಗಿಗೆ ಎಚ್ಚರವಾಗುವುದು ಸಕ್ಕರೆಯಿಂದ, ಅದಕ್ಕೆ ತಿಥಿಯ ಹಂಗಿಲ್ಲ. ಉಪ್ಪು ಸುರಿಯುವುದು ಇನ್ನೂ ಕೆಟ್ಟದ್ದು. ಆಳದ ಕಾಂಡ ಬದುಕಿಕೊಳ್ಳುತ್ತದೆ, ಮಣ್ಣು ಕೆಡುತ್ತದೆ, ಮಳೆ ನೀರಿನೊಂದಿಗೆ ಉಪ್ಪು ಪಕ್ಕದವರ ಜಾಗಕ್ಕೂ ಇಳಿಯುತ್ತದೆ. ಕಳೆನಾಶಕದಲ್ಲಿ ಜಂಟಿ ಖಾತೆಯ ಇನ್ನೊಂದು ಮುಖವಿದೆ. ಗ್ಲೈಫೋಸೇಟ್ ಎಂಬ ಕಳೆನಾಶಕ ಎಲೆಯಿಂದ ಕಾಂಡಕ್ಕೆ ಸಕ್ಕರೆಯ ಜೊತೆಗೇ ಹರಿಯುತ್ತದೆ. ನಮ್ಮ ಕಡೆ ಸಿಂಪಡಿಸಿದ್ದು ಬೇಲಿಯಾಚೆಯ ಬೊಂಬನ್ನೂ ಒಣಗಿಸಬಹುದು. ಪಕ್ಕದವರ ಒಪ್ಪಿಗೆಯಿಲ್ಲದೆ ಅದಕ್ಕೆ ಕೈ ಹಾಕುವುದು ಹೊಸ ಜಗಳಕ್ಕೆ ದಾರಿ. ನಾಟ್‌ವೀಡಿನ ಮೇಲೆ ವೇಲ್ಸ್‌ನಲ್ಲಿ ನಡೆದ ದೊಡ್ಡ ಪ್ರಯೋಗದಲ್ಲಿ ಮೂರು ವರ್ಷ ಕಳೆದರೂ ಯಾವ ಔಷಧವೂ ಅದನ್ನು ಸಂಪೂರ್ಣ ಅಳಿಸಲಿಲ್ಲ.

ಕೆಲಸ ಕೊಡುವುದು ಸಮಯ ನೋಡಿ ಕಡಿಯುವುದು. ಹೊಸ ಚಿಗುರು ಮೇಲೇಳುವಾಗ ಕೂಡಿಟ್ಟ ಪಿಷ್ಟವನ್ನು ಖರ್ಚು ಮಾಡುತ್ತದೆ. ಎಲೆ ಬಿಚ್ಚಿದ ಮೇಲೆ ಗಳಿಕೆ ಶುರುವಾಗುತ್ತದೆ. ಬೊಂಬು ಎತ್ತರಕ್ಕೆ ಬಂದು ಎಲೆ ಇನ್ನೂ ಬಿಚ್ಚದಿರುವ ಹೊತ್ತಿನಲ್ಲಿ ಕಡಿದರೆ ಗಿಡಕ್ಕೆ ನಷ್ಟ ಅತಿ ಹೆಚ್ಚು. ಎರಡೂ ಕಡೆಯವರು ಒಂದೇ ವಾರದಲ್ಲಿ, ಹೀಗೆ ಕೆಲವು ಋತುಗಳ ಕಾಲ ಕಡಿದರೆ ಕಾಂಡ ಬರಿದಾಗುತ್ತದೆ. ಪಕ್ಕದವರಿಗೆ ಗಿಡ ಬೇಕೇ ಬೇಕೆಂದಾದರೆ ಮೊದಲು ಸಂಪರ್ಕ ಕಡಿಯಬೇಕು: ಗಡಿಗುಂಟ ನಮ್ಮ ಜಾಗದಲ್ಲೇ ಕಾಲುವೆ ತೋಡಿ, ದಪ್ಪ ಪಾಲಿಥೀನ್ ಹಾಳೆಯನ್ನು 60–75 ಸೆಂಟಿಮೀಟರ್ ಆಳಕ್ಕೆ ಇಳಿಸಬೇಕು, ಆಮೇಲೆ ನಮ್ಮ ಕಡೆಯ ತುಂಡುಗಳನ್ನು ದಣಿಸಬೇಕು. ಅಗೆದು ತೆಗೆದ ಕಾಂಡಗಳನ್ನು ಗೊಬ್ಬರದ ಗುಂಡಿಗೆ ಹಾಕದೆ, ಹಾಳೆಯ ಮೇಲೆ ಹರಡಿ ಮುರಿದರೆ ಪುಡಿಯಾಗುವಷ್ಟು ಒಣಗಿಸಬೇಕು. ತಡೆಹಾಳೆಯ ಅಂಚು ಮಣ್ಣಿನಿಂದ ನಾಲ್ಕೈದು ಸೆಂಟಿಮೀಟರ್ ಮೇಲಿರಲಿ. ಹಾಳೆಗೆ ತಾಗಿದ ಕಾಂಡ ಕೆಲವೊಮ್ಮೆ ಮೇಲೆ ಬಂದು ಅಂಚು ಹತ್ತಿ ಈಚೆಗೆ ಇಳಿಯುತ್ತದೆ. ವರ್ಷಕ್ಕೆ ಎರಡು ಸಲ ಅಂಚಿನುದ್ದಕ್ಕೂ ನೋಡಿ, ದಾಟಿದ್ದನ್ನು ಅಲ್ಲೇ ಕತ್ತರಿಸಿದರೆ ಸಾಕು.